ಸರ್ಫ್ಯಾಕ್ಟಂಟ್ ಎಲೆಕ್ಟ್ರೋಡ್ ಅದ್ದಿ ಶೇಕಡಾವಾರು ನೇರವಾಗಿ ಓದಬಹುದಾ, ಅಥವಾ ಟೈಟ್ರೇಶನ್ ಮಾಡಲೇಬೇಕಾ?

ನೊರೆಲ್ಯಾಬ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಾತ್ರೆ ತೊಳೆಯುವ ಲಿಕ್ವಿಡ್, ಶಾಂಪೂ, ನೆಲ ಒರೆಸುವ ಲಿಕ್ವಿಡ್ ತಯಾರಿಸುವ ಕಡೆ ನಾನು ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುತ್ತೇನೆ. ಕೊಳೆ ತೆಗೆಯುವ ಸರ್ಫ್ಯಾಕ್ಟಂಟ್‌ನಲ್ಲಿ ಮೈನಸ್ ಚಾರ್ಜ್ ಇರುವ ಭಾಗ, ಅಂದರೆ ಆನಯಾನಿಕ್ ಆಕ್ಟಿವ್, ಎಷ್ಟಿದೆ ಅಂತ ನೋಡಲು ಇಲ್ಲಿಯವರೆಗೂ ಕ್ಲೋರೋಫಾರ್ಮ್ ಹಾಕಿ ಮಾಡುವ ಎರಡು ಪದರದ ಟೈಟ್ರೇಶನ್ನೇ ನಡೆದುಬಂದಿದೆ. ಪ್ರತಿ ಸಲ ಹಯಮೀನ್ (ಆನಯಾನಿಕ್ ಜೊತೆ ಜೋಡಿ ಕಟ್ಟುವ ಕ್ಯಾಟಯಾನಿಕ್, ಅಂದರೆ ಪ್ಲಸ್ ಚಾರ್ಜ್ ಇರುವ ವಸ್ತು) ಬಿಟ್ಟು, ಮುಚ್ಚಳ ಹಾಕಿ ಕುಲುಕಿ, ಪದರ ಬೇರೆಯಾಗುವ ತನಕ ಕಾದು, ಗುಲಾಬಿ ಹೋಗಿ ಬೂದು ನೀಲಿ ಬಂತಾ ಅಂತ ಬೆಳಕಿಗೆ ಹಿಡಿದು ನೋಡಬೇಕು. ಒಬ್ಬರ ಕಣ್ಣಿಗೆ ಬೂದು ಕಂಡದ್ದು ಇನ್ನೊಬ್ಬರಿಗೆ ಇನ್ನೂ ಗುಲಾಬಿಯೇ. ಅದರ ಮೇಲೆ ಕ್ಲೋರೋಫಾರ್ಮ್ ವಾಸನೆ, ಆ ವೇಸ್ಟ್ ಅನ್ನು ವಿಲೇವಾರಿ ಮಾಡುವ ತಲೆನೋವು ಬೇರೆ.

ಈಗ ಒಂದು ಸರ್ಫ್ಯಾಕ್ಟಂಟ್ ಎಲೆಕ್ಟ್ರೋಡ್ ತರಿಸಿದ್ದೇವೆ, ಪಿವಿಸಿ ಪೊರೆ ಇರುವಂಥದ್ದು. ಪಿಎಚ್ ಮೀಟರ್ ಥರ ಅದ್ದಿದರೆ ಸಾಕು, ಮಿಲಿವೋಲ್ಟ್ ನೋಡಿ ಶೇಕಡಾ ಹೇಳಬಹುದು ಅನ್ನುವುದು ಮೇಲಿನವರ ಆಸೆ. ಆದರೆ ಪಾತ್ರೆ ಲಿಕ್ವಿಡ್ ಅನ್ನು ಹತ್ತು ಪಟ್ಟು ನೀರಿಗೆ ಬೆರೆಸಿ ಅದ್ದಿದರೂ, ಐದು ಪಟ್ಟಿಗೆ ಬೆರೆಸಿ ಅದ್ದಿದರೂ ರೀಡಿಂಗ್ ಹೆಚ್ಚು ಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಬೆಳಿಗ್ಗೆಗೂ ಸಂಜೆಗೂ ಒಂದೇ ಬೀಕರ್‌ನಲ್ಲಿ ನಾಲ್ಕೈದು ಮಿಲಿವೋಲ್ಟ್ ಸರಿಯುತ್ತದೆ. ಎಲೆಕ್ಟ್ರೋಡ್ ಕೆಟ್ಟಿದೆಯಾ, ನಾವು ಬಳಸುವ ರೀತಿ ಸರಿ ಇಲ್ವಾ?

ಇನ್ನೊಂದು ವಿಷಯ. ಟೈಟ್ರೇಶನ್ ಮಾಡಿ ನೋಡಿದರೆ ಪಾತ್ರೆ ಲಿಕ್ವಿಡ್‌ಗೆ ಎಂಡ್ ಪಾಯಿಂಟ್ ಹತ್ತಿರ ಮಿಲಿವೋಲ್ಟ್ ಒಳ್ಳೆ ಜಿಗಿತ ತೋರಿಸುತ್ತದೆ. ಆದರೆ ಶಾಂಪೂಗೆ ಜಿಗಿತ ಮಂಕಾಗಿರುತ್ತದೆ, ಫಲಿತಾಂಶವೂ ಫಾರ್ಮುಲಾದಲ್ಲಿ ಹಾಕಿದ್ದಕ್ಕಿಂತ ಕಡಿಮೆ. ಶಾಂಪೂನಲ್ಲಿ ಎಸ್‌ಎಲ್‌ಇಎಸ್ (ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್, ಆನಯಾನಿಕ್) ಮತ್ತು ಕೊಕಾಮಿಡೋಪ್ರೊಪೈಲ್ ಬೀಟೈನ್ ಇವೆ. ಎರಡನ್ನೂ ಪಿಎಚ್ 2ರ ಹತ್ತಿರ ಮಾಡುತ್ತಿದ್ದೇವೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಬ್ಯೂರೆಟ್

ನಿಮ್ಮ ಎಲೆಕ್ಟ್ರೋಡ್ ಕೆಟ್ಟಿಲ್ಲ. ಅದರಿಂದ ಆಗದ ಕೆಲಸವನ್ನು ಅದಕ್ಕೆ ಹಚ್ಚಿದ್ದೀರಿ, ಅಷ್ಟೇ.

ಮೊದಲು ಈ ಪೊರೆ ಏನು ಮಾಡುತ್ತದೆ ನೋಡಿ. ಮೆದುವಾದ ಪಿವಿಸಿ ಒಳಗೆ ಒಂದು ಆನಯಾನಿಕ್ ಮತ್ತು ಒಂದು ಕ್ಯಾಟಯಾನಿಕ್ ಸೇರಿದ, ನೀರಲ್ಲಿ ಕರಗದ ಜೋಡಿ ಉಪ್ಪು ಇರುತ್ತದೆ. ಪೊರೆ ಎಣ್ಣೆಯ ಸ್ವಭಾವದ್ದು. ಉದ್ದ ಬಾಲದ ಡೋಡೆಸೈಲ್ ಸಲ್ಫೇಟ್ ಅಯಾನ್‌ಗೆ ಅದರೊಳಗೆ ಸೇರಿಕೊಳ್ಳುವುದು ಸುಲಭ, ಕ್ಲೋರೈಡ್‌ಗೂ ಸಲ್ಫೇಟ್‌ಗೂ ಅಲ್ಲಿ ಜಾಗ ಸಿಗುವುದಿಲ್ಲ. ಹೀಗೆ ಪೊರೆಯ ಅಂಚಿನಲ್ಲಿ ಚಾರ್ಜ್ ಹಂಚಿಕೆ ಬದಲಾಗಿ ವೋಲ್ಟೇಜ್ ಹುಟ್ಟುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಹತ್ತು ಪಟ್ಟು ಬದಲಾದರೆ ಸುಮಾರು 59 ಮಿಲಿವೋಲ್ಟ್ ಬದಲಾಗಬೇಕು. ಅಂದರೆ ಸಂಬಂಧ ಲಾಗರಿದಮ್‌ನದ್ದು, ತೊಂದರೆ ಅಲ್ಲಿಂದಲೇ ಶುರು. ಒಂದೇ ಒಂದು ಮಿಲಿವೋಲ್ಟ್ ತಪ್ಪಿದರೆ ಸಾಂದ್ರತೆಯಲ್ಲಿ ಸುಮಾರು ಶೇ. 4 ತಪ್ಪು. ಐದು ಮಿಲಿವೋಲ್ಟ್ ಸರಿದರೆ ಶೇ. 20ಕ್ಕಿಂತ ಜಾಸ್ತಿ. ಬೆಳಿಗ್ಗೆ ಶೇ. 15 ಅಂದದ್ದು ಸಂಜೆಗೆ 18 ಆಗಿಬಿಡುತ್ತದೆ. ಬ್ಯಾಚ್ ಪಾಸು ಮಾಡುವವರು ಇದನ್ನು ಹೇಗೆ ನಂಬುತ್ತಾರೆ?

ಎರಡನೆಯದು ಮಿಸೆಲ್, ಅಂದರೆ ಸರ್ಫ್ಯಾಕ್ಟಂಟ್ ಅಣುಗಳ ಗುಂಪು. ಎಲೆಕ್ಟ್ರೋಡ್‌ಗೆ ಕಾಣುವುದು ಒಂಟಿಯಾಗಿ ಓಡಾಡುವ ಸರ್ಫ್ಯಾಕ್ಟಂಟ್ ಅಯಾನ್ ಮಾತ್ರ. ಸಿಎಂಸಿ (ಮಿಸೆಲ್ ಕಟ್ಟಲು ಶುರುವಾಗುವ ಸಾಂದ್ರತೆ) ದಾಟಿದ ಮೇಲೆ ನೀವು ಎಷ್ಟು ಸುರಿದರೂ ಅದು ಮಿಸೆಲ್ ಆಗಿ ಗುಂಪುಗೂಡುತ್ತದೆ, ಒಂಟಿ ಅಯಾನ್‌ಗಳ ಸಂಖ್ಯೆ ಏರುವುದಿಲ್ಲ. ರೀಡಿಂಗ್ ಅಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ತಿರುಗುತ್ತದೆ. ಶುದ್ಧ ನೀರಲ್ಲಿ ಎಸ್‌ಡಿಎಸ್‌ಗೆ (ಸೋಡಿಯಂ ಡೋಡೆಸೈಲ್ ಸಲ್ಫೇಟ್) ಸಿಎಂಸಿ ಸುಮಾರು 8 ಮಿಲಿಮೋಲಾರ್. ನಿಮ್ಮ ಪಾತ್ರೆ ಲಿಕ್ವಿಡ್‌ನಲ್ಲಿರುವ ಎಲ್‌ಎಎಸ್‌ಗೆ (ಲೀನಿಯರ್ ಆಲ್ಕೈಲ್ ಬೆನ್ಜೀನ್ ಸಲ್ಫೊನೇಟ್) ಇನ್ನೂ ಕಡಿಮೆ, ಉಪ್ಪು ಇದ್ದರೆ ಮತ್ತೂ ಕೆಳಗೆ. ಶೇ. 15 ಎಲ್‌ಎಎಸ್ ಇರುವ ಲಿಕ್ವಿಡ್ ಅನ್ನು ನೂರು ಪಟ್ಟಿಗೆ ಬೆರೆಸಿದರೂ ಅದರಲ್ಲಿ 4.3 ಮಿಲಿಮೋಲಾರ್ ಇರುತ್ತದೆ, ಆಗಲೂ ಮಿಸೆಲ್‌ಗಳ ನಡುವೆಯೇ ಇದ್ದೀರಿ. ನೀವು ಐದು ಪಟ್ಟು, ಹತ್ತು ಪಟ್ಟಿಗೆ ಬೆರೆಸಿ ಅದ್ದಿದ್ದೀರಿ. ಒಂದೇ ರೀಡಿಂಗ್ ಬರದೆ ಇನ್ನೇನು ಬಂದೀತು?

ಹಾಗಾಗಿ ಈ ಎಲೆಕ್ಟ್ರೋಡ್ ಅನ್ನು ಟೈಟ್ರೇಶನ್‌ನ ಎಂಡ್ ಪಾಯಿಂಟ್ ತೋರಿಸುವುದಕ್ಕೆ ಬಳಸಿ. ಅಲ್ಲಿ ಮಿಲಿವೋಲ್ಟ್ 180 ಇದೆಯಾ 185 ಇದೆಯಾ ಅನ್ನುವುದು ಮುಖ್ಯವೇ ಅಲ್ಲ, ವಕ್ರರೇಖೆ ಯಾವ ವಾಲ್ಯೂಮ್‌ನಲ್ಲಿ ಅತಿ ಕಡಿದಾಗಿ ತಿರುಗುತ್ತದೆ ಅನ್ನುವುದೇ ಮುಖ್ಯ. ನಿಧಾನವಾಗಿ ಸರಿಯುವ ರೀಡಿಂಗ್‌ನಿಂದ ಎಂಡ್ ಪಾಯಿಂಟ್‌ಗೆ ಏನೂ ಆಗುವುದಿಲ್ಲ. ಶೇ. 1ರ ಒಳಗೆ ರಿಪೀಟ್ ಆಗುವ ಫಲಿತಾಂಶ ಸಿಗುತ್ತದೆ.

---

ನೊರೆಲ್ಯಾಬ್

ಅರ್ಥ ಆಯ್ತು ಸರ್, ಧನ್ಯವಾದ. ಆ ಒಂದು ಮಿಲಿವೋಲ್ಟಿಗೆ ಶೇ. 4 ಅನ್ನುವ ಲೆಕ್ಕ ಒಂದೇ ಸಾಕು, ಮೀಟಿಂಗ್‌ನಲ್ಲಿ ತೋರಿಸಲು. ಟೈಟ್ರೇಶನ್‌ಗೆ ಸ್ಯಾಂಪಲ್ ಎಷ್ಟು ತೂಗಬೇಕು, ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಕೊಡ್ತೀರಾ? ಈಗ ಸುಮ್ನೆ ಅಂದಾಜಿನಲ್ಲಿ ಹಾಕುತ್ತಿದ್ದೇವೆ.

---

ಬ್ಯೂರೆಟ್

ಟೈಟ್ರಂಟ್ 0.004 ಮೋಲಾರ್ ಹಯಮೀನ್ 1622 ಅಂತ ಇಟ್ಟುಕೊಳ್ಳೋಣ, ಎರಡು ಪದರದ ವಿಧಾನದಲ್ಲೂ ಅದೇ ಅಲ್ವಾ.

2.00 ಗ್ರಾಂ ಪಾತ್ರೆ ಲಿಕ್ವಿಡ್ ತೂಗಿ, ನೀರಲ್ಲಿ ಕರಗಿಸಿ 500 ಮಿಲಿಗೆ ತನ್ನಿ. ಅದರಲ್ಲಿ 20 ಮಿಲಿ ಪಿಪೆಟ್‌ನಿಂದ ತೆಗೆದರೆ 80 ಮಿಲಿಗ್ರಾಂ ಸ್ಯಾಂಪಲ್ ಬಂತು. ನೀರು ಸೇರಿಸಿ ಬೀಕರ್‌ನಲ್ಲಿ 100 ಮಿಲಿ ಮಾಡಿ, ಪಿಎಚ್ ಸರಿಪಡಿಸಿ ಟೈಟ್ರೇಟ್ ಮಾಡಿ. ಎಂಡ್ ಪಾಯಿಂಟ್ 8.60 ಮಿಲಿಗೆ ಬಂತು ಅಂದುಕೊಳ್ಳಿ. 8.60 ಅನ್ನು 0.004ರಿಂದ ಗುಣಿಸಿದರೆ 0.0344 ಮಿಲಿಮೋಲ್. ಎಲ್‌ಎಎಸ್‌ನ ಅಣುತೂಕ 348 ಹಿಡಿದರೆ ಸುಮಾರು 12 ಮಿಲಿಗ್ರಾಂ. 80 ಮಿಲಿಗ್ರಾಂನಲ್ಲಿ 12 ಅಂದರೆ ಶೇ. 15. ಬೀಕರ್‌ನಲ್ಲಿ ಶುರುವಿನ ಸಾಂದ್ರತೆ 0.34 ಮಿಲಿಮೋಲಾರ್ ಮಾತ್ರ, ಮಿಸೆಲ್ ತೊಂದರೆ ಇಲ್ಲ. ಬ್ಯೂರೆಟ್‌ನಲ್ಲೂ ಎಂಟೊಂಬತ್ತು ಮಿಲಿ ಖರ್ಚಾಗುವುದರಿಂದ ಓದುವ ತಪ್ಪು ಚಿಕ್ಕದಾಗುತ್ತದೆ.

ಇಲ್ಲಿ ಒಂದು ಎಚ್ಚರ. ಟೈಟ್ರೇಶನ್ ಕೊಡುವುದು ಮೋಲ್ ಲೆಕ್ಕ, ತೂಕದ ಲೆಕ್ಕವಲ್ಲ. ಇದೇ 8.60 ಮಿಲಿಗೆ ನೀವು ಎಲ್‌ಎಎಸ್ ಬದಲು ಎರಡು ಇಓ (ಎಥಿಲೀನ್ ಆಕ್ಸೈಡ್ ಕೊಂಡಿ) ಇರುವ ಎಸ್‌ಎಲ್‌ಇಎಸ್‌ನ 376 ಹಾಕಿದರೆ ಉತ್ತರ ಶೇ. 16.2 ಆಗುತ್ತದೆ. ಎರಡೂ ಸೇರಿದ ಪ್ರಾಡಕ್ಟ್ ಆದರೆ ಫಾರ್ಮುಲಾದ ಅನುಪಾತದಿಂದ ಸರಾಸರಿ ಅಣುತೂಕ ತೆಗೆದುಕೊಳ್ಳಬೇಕು. ರಿಪೋರ್ಟ್‌ನಲ್ಲಿ ಯಾವ ಅಣುತೂಕ ಬಳಸಿದ್ದೀರಿ ಅಂತ ಬರೆಯದೇ ಬರೀ ಶೇಕಡಾ ಬರೆದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಸಪ್ಲೈಯರ್ ಕೊಡುವ ಸರ್ಟಿಫಿಕೇಟಿಗೂ ನಿಮ್ಮ ಲ್ಯಾಬ್ ಫಲಿತಾಂಶಕ್ಕೂ ಜಗಳ ಬರುವುದು ಬಹಳ ಸಲ ಇದೇ ಕಾರಣಕ್ಕೆ.

ಟೈಟ್ರಂಟ್‌ನ ಬಲವನ್ನು ಶುದ್ಧ ಎಸ್‌ಡಿಎಸ್‌ನಿಂದ ನೋಡಿಕೊಳ್ಳಿ. ಎಸ್‌ಡಿಎಸ್ ದ್ರಾವಣ ಹಳೆಯದಾದರೆ, ಅದರಲ್ಲೂ ಆಮ್ಲ ಇದ್ದರೆ, ನಿಧಾನವಾಗಿ ಒಡೆದು ಡೋಡೆಕನಾಲ್ ಆಗುತ್ತದೆ. ಹೊಸದಾಗಿ ಮಾಡಿಕೊಳ್ಳುವುದು ಒಳ್ಳೆಯದು. ಹಯಮೀನ್ ಪುಡಿಯೂ ತೇವ ಎಳೆಯುವ ವಸ್ತು, ತೂಗಿದ ತೂಕವನ್ನೇ ನಂಬಿ ಫ್ಯಾಕ್ಟರ್ ಬರೆಯಬೇಡಿ.

---

ವಿಶ್ಲೇಷಕಿ

ಶಾಂಪೂ ವಿಷಯಕ್ಕೆ ನಾನು ಬರುತ್ತೇನೆ, ಯಾಕೆಂದರೆ ಅಲ್ಲಿ ತೊಂದರೆ ಎಲೆಕ್ಟ್ರೋಡ್‌ನಲ್ಲಿ ಇಲ್ಲ, ಪಿಎಚ್‌ನಲ್ಲಿದೆ.

ಬೀಟೈನ್ ಅಣುವಿನಲ್ಲಿ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಕಾರ್ಬಾಕ್ಸಿಲೇಟ್‌ನ ಮೈನಸ್. ಸಾಧಾರಣ ಪಿಎಚ್‌ನಲ್ಲಿ ಎರಡೂ ಸೇರಿ ಸೊನ್ನೆ. ಪಿಎಚ್ 2ಕ್ಕೆ ಇಳಿಸಿದಾಗ ಕಾರ್ಬಾಕ್ಸಿಲೇಟ್ ಪ್ರೋಟಾನ್ ಹಿಡಿಯುತ್ತದೆ, ಮೈನಸ್ ಹೋಗಿ ಪ್ಲಸ್ ಮಾತ್ರ ಉಳಿಯುತ್ತದೆ. ಆಗ ಬೀಟೈನ್ ಕ್ಯಾಟಯಾನಿಕ್ ಥರ ವರ್ತಿಸಿ ನಿಮ್ಮ ಎಸ್‌ಎಲ್‌ಇಎಸ್ ಜೊತೆ ಜೋಡಿ ಕಟ್ಟಿಕೊಳ್ಳುತ್ತದೆ, ಹಯಮೀನ್‌ಗೆ ಉಳಿಯುವುದು ಕಡಿಮೆ. ಫಲಿತಾಂಶ ಇಳಿಯುವುದೂ ಜಿಗಿತ ಮಂಕಾಗುವುದೂ ಅದಕ್ಕೇ. ಅಮೀನ್ ಆಕ್ಸೈಡ್ ಇದ್ದರೂ ಇದೇ ಕಥೆ, ಅದು ಇನ್ನೂ ಮೇಲಿನ ಪಿಎಚ್‌ನಲ್ಲೇ ಪ್ರೋಟಾನ್ ಹಿಡಿಯುತ್ತದೆ. ಪಾತ್ರೆ ಲಿಕ್ವಿಡ್‌ಗಳಲ್ಲಿ ನೊರೆ ನಿಲ್ಲಲಿ ಅಂತ ಅಮೀನ್ ಆಕ್ಸೈಡ್ ಹಾಕುವುದು ಸಾಮಾನ್ಯ, ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ.

ಬಣ್ಣದ ಟೈಟ್ರೇಶನ್‌ನಲ್ಲೂ ಇದೇ ಆಗುತ್ತಿರಬೇಕು. ಆ ಮಿಶ್ರ ಇಂಡಿಕೇಟರ್ ದ್ರಾವಣವೂ ಆಮ್ಲವೇ.

ಹಾಗಾದರೆ ಆಮ್ಲ ಯಾಕೆ ಹಾಕುತ್ತಾರೆ? ಸೋಪಿಗೋಸ್ಕರ. ಫ್ಯಾಟಿ ಆಸಿಡ್‌ನ ಸೋಪು ಇದ್ದರೆ ಪಿಎಚ್ 2-3ರಲ್ಲಿ ಅದು ಚಾರ್ಜ್ ಇಲ್ಲದ ಆಸಿಡ್ ಆಗಿಬಿಡುತ್ತದೆ, ಟೈಟ್ರೇಶನ್‌ಗೆ ಸಿಗುವುದಿಲ್ಲ. ಸಲ್ಫೇಟ್, ಸಲ್ಫೊನೇಟ್‌ಗಳು ಆಮ್ಲದಲ್ಲೂ ಮೈನಸ್ ಆಗಿಯೇ ಇರುತ್ತವೆ. ಹೀಗೆ ಸೋಪನ್ನು ಬಿಟ್ಟು ಉಳಿದದ್ದನ್ನು ಎಣಿಸಬಹುದು. ಅದೇ ಪಿಎಚ್ 11ರ ಹತ್ತಿರ ಮಾಡಿದರೆ ಸೋಪೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಶಾಂಪೂನಲ್ಲಿ ಸೋಪು ಇಲ್ಲ ಅಂದರೆ ಆಮ್ಲದ ಅಗತ್ಯವೇ ಇಲ್ಲ. ಪಿಎಚ್ 7 ಅಥವಾ ಸ್ವಲ್ಪ ಮೇಲೆ ಇಟ್ಟು ಮಾಡಿ ನೋಡಿ, ವ್ಯತ್ಯಾಸ ಅಲ್ಲೇ ಕಾಣುತ್ತದೆ.

ಕ್ಷಾರದ ಕಡೆ ಹೋಗುವುದಾದರೆ ಟೈಟ್ರಂಟ್ ಬದಲಾಯಿಸುವುದು ಒಳ್ಳೆಯದು. ಟೆಗೊಟ್ರ್ಯಾಂಟ್ ಎ100 ಅಂತ ಸಿಗುತ್ತದೆ. ಎರಡು ಡೆಸೈಲ್ ಬಾಲ ಇರುವ ಇಮಿಡಜೋಲಿಯಂ ಉಪ್ಪು ಅದು. ಹಯಮೀನ್‌ಗಿಂತ ಎಣ್ಣೆ ಸ್ವಭಾವ ಜಾಸ್ತಿ, ಹಾಗಾಗಿ ಅದು ಕಟ್ಟುವ ಜೋಡಿ ನೀರಲ್ಲಿ ಇನ್ನೂ ಕಡಿಮೆ ಕರಗುತ್ತದೆ, ಜಿಗಿತ ದೊಡ್ಡದಾಗುತ್ತದೆ. ಎಂಡ್ ಪಾಯಿಂಟ್‌ನ ಚೂಪು ನಿಂತಿರುವುದೇ ಆ ಜೋಡಿ ಎಷ್ಟು ಕಡಿಮೆ ಕರಗುತ್ತದೆ ಅನ್ನುವುದರ ಮೇಲೆ. ಬಾಲ ಚಿಕ್ಕದಾದಷ್ಟೂ, ಎಂಟು ಕಾರ್ಬನ್‌ಗಿಂತ ಕೆಳಗೆ ಹೋದಂತೆ, ಜಿಗಿತ ಕರಗಿಹೋಗುತ್ತದೆ. ಲಿಕ್ವಿಡ್ ತಿಳಿಯಾಗಿರಲಿ ಅಂತ ಹಾಕುವ ಜೈಲೀನ್ ಸಲ್ಫೊನೇಟ್ ಸ್ವಲ್ಪ ಇದ್ದರೆ ತೊಂದರೆ ಕೊಡದಿರುವುದೂ ಇದಕ್ಕೇ.

---

ಹಳೆಯ ಬೆಂಚು

ಇಷ್ಟೆಲ್ಲ ಸರಿ. ಆದರೆ ಕ್ಲೋರೋಫಾರ್ಮ್ ವಿಧಾನವನ್ನು ಇವತ್ತೇ ಎಸೆಯಬೇಡಿ ಅಂತ ನನ್ನ ಮಾತು. 1940ರ ದಶಕದಲ್ಲಿ ಎಪ್ಟನ್ ಮೆಥಿಲೀನ್ ಬ್ಲೂ ಇಟ್ಟುಕೊಂಡು ತೋರಿಸಿದ ದಾರಿ ಅದು, ಆಮೇಲೆ ಡಿಮಿಡಿಯಂ ಬ್ರೋಮೈಡ್ ಮತ್ತು ಡೈಸಲ್ಫೀನ್ ಬ್ಲೂ ಸೇರಿದ ಮಿಶ್ರ ಇಂಡಿಕೇಟರ್ ಬಂದು ಐಎಸ್‌ಒ 2271 ಆಯಿತು. ಗಿರಾಕಿಯ ಜೊತೆ ಮಾಡಿಕೊಂಡ ಸ್ಪೆಸಿಫಿಕೇಶನ್‌ನಲ್ಲಿ ಆ ನಂಬರ್ ಬರೆದಿದ್ದರೆ, ವಿವಾದ ಬಂದಾಗ ನೋಡುವುದು ಅದನ್ನೇ. ಎಲೆಕ್ಟ್ರೋಡ್‌ಗೂ ಎಎಸ್‌ಟಿಎಂ ಡಿ4251 ಇದೆ, ಇಲ್ಲ ಅಂತಲ್ಲ. ಆದರೆ ವಿಧಾನ ಬದಲಾದರೆ ಕಾಗದದಲ್ಲೂ ಬದಲಾಗಬೇಕು.

ಪ್ರತಿ ಪ್ರಾಡಕ್ಟಿಗೂ ಕೆಲವು ಬ್ಯಾಚ್ ಎರಡೂ ರೀತಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಬರೀ ಎಲ್‌ಎಎಸ್ ಇರುವ ಪ್ರಾಡಕ್ಟಿಗೆ ಎರಡೂ ಹೊಂದುತ್ತವೆ. ಹೊಂದದ ಪ್ರಾಡಕ್ಟ್ ಯಾವುದು ಅನ್ನುವುದೇ ನಿಮಗೆ ಬೇಕಾದ ಮಾಹಿತಿ. ಅಲ್ಲಿ ಮೇಡಂ ಹೇಳಿದ ಬೀಟೈನ್ ಥರದ್ದೇನೋ ಇರುತ್ತದೆ.

---

ವಿಶ್ಲೇಷಕಿ

ಪಕ್ಕಪಕ್ಕ ಮಾಡಬೇಕು ಅನ್ನುವುದಕ್ಕೆ ಪೂರ್ತಿ ಒಪ್ಪಿಗೆ ಸರ್. ಆದರೆ ಎರಡೂ ಹೊಂದಿದರೆ ಸರಿ ಅಂತ ತೀರ್ಮಾನ ಮಾಡುವುದಕ್ಕೆ ಒಪ್ಪಲಾರೆ. ಎರಡೂ ಆಮ್ಲದಲ್ಲೇ ನಡೆದರೆ ಬೀಟೈನ್ ಎರಡನ್ನೂ ಒಂದೇ ಕಡೆಗೆ ಎಳೆಯಬಹುದು, ಎರಡೂ ಹೊಂದಿಕೊಂಡೇ ತಪ್ಪಾಗಿರಬಹುದು. ಅದಕ್ಕೆ ಫಾರ್ಮುಲಾ ಗೊತ್ತಿರುವ ಸ್ಯಾಂಪಲ್ ಅನ್ನು ಲ್ಯಾಬ್‌ನಲ್ಲೇ ತೂಗಿ ಮಾಡಿಕೊಳ್ಳಿ. ಎಸ್‌ಎಲ್‌ಇಎಸ್ ಮಾತ್ರ ಒಂದು, ಎಸ್‌ಎಲ್‌ಇಎಸ್ ಜೊತೆ ಬೀಟೈನ್ ಒಂದು. ಬೀಟೈನ್ ಹಾಕಿದಾಗ ಆನಯಾನಿಕ್ ಬದಲಾಗಬಾರದು. ಬದಲಾದರೆ ಆ ಪಿಎಚ್ ಆ ಪ್ರಾಡಕ್ಟಿಗೆ ಆಗಿಬರುವುದಿಲ್ಲ.

---

ಹಳೆಯ ಬೆಂಚು

ಇದು ಸರಿಯಾದ ಮಾತು. ತೂಗಿ ಮಾಡಿದ ಸ್ಯಾಂಪಲ್ ಮೊದಲು, ವಿಧಾನಗಳ ಹೋಲಿಕೆ ಆಮೇಲೆ.

---

ನೊರೆಲ್ಯಾಬ್

ಮೇಡಂ ಹೇಳಿದಂತೆ ಎರಡು ಸ್ಯಾಂಪಲ್ ತೂಗಿ ಮಾಡಿ ನೋಡಿದೆ. ಪಿಎಚ್ 2ರಲ್ಲಿ ಬೀಟೈನ್ ಹಾಕಿದ್ದರಲ್ಲಿ ಸ್ಪಷ್ಟವಾಗಿ ಕಡಿಮೆ. ಪಿಎಚ್ 8ರಲ್ಲಿ ಎರಡೂ ಒಂದೇ, ಜಿಗಿತವೂ ನೆಟ್ಟಗಿದೆ. ಶಾಂಪೂ ಈಗ ಫಾರ್ಮುಲಾದ ಹತ್ತಿರ ಬಂತು. ತುಂಬ ಖುಷಿ ಆಯಿತು.

ಇನ್ನೂ ಎರಡು ಸಂಶಯ. ಬೆಳಿಗ್ಗೆ ಚೆನ್ನಾಗಿ ಬರುವ ವಕ್ರರೇಖೆ ಸ್ಯಾಂಪಲ್ ಮುಗಿಸುತ್ತಾ ಹೋದಂತೆ ಸಂಜೆ ಹೊತ್ತಿಗೆ ಸೊಟ್ಟಗಾಗುತ್ತದೆ. ಪೊರೆಯ ಮೇಲೆ ಬಿಳಿ ಪದರದ ಥರ ಏನೋ ಕೂತಿರುತ್ತದೆ. ಇನ್ನೊಂದು, ನೆಲ ಒರೆಸುವ ಲಿಕ್ವಿಡ್‌ನಲ್ಲಿ ಚಾರ್ಜ್ ಇಲ್ಲದ ನಾನ್‌ಅಯಾನಿಕ್ ಸರ್ಫ್ಯಾಕ್ಟಂಟ್ ಜಾಸ್ತಿ ಇದೆ, ಅದರ ಜಿಗಿತ ಯಾವಾಗಲೂ ಚಪ್ಪಟೆ. ನಾನ್‌ಅಯಾನಿಕ್ ಅನ್ನೇ ಅಳೆಯುವ ದಾರಿ ಇದೆಯಾ?

---

ಬ್ಯೂರೆಟ್

ಬಿಳಿ ಪದರ ಅಂದರೆ ಟೈಟ್ರೇಶನ್‌ನಲ್ಲಿ ಹುಟ್ಟಿದ ಆ ಜೋಡಿ ಉಪ್ಪೇ. ಎಂಡ್ ಪಾಯಿಂಟ್ ಹತ್ತಿರ ಬೀಕರ್ ಮಬ್ಬಾಗುವುದನ್ನು ನೋಡಿರುತ್ತೀರಿ, ಆ ಮಬ್ಬಿನ ಕಣಗಳು ಜಿಗುಟು. ಪೊರೆಗೆ, ಬ್ಯೂರೆಟ್ ತುದಿಗೆ, ಸ್ಟಿರರ್‌ಗೆ ಎಲ್ಲದಕ್ಕೂ ಮೆತ್ತಿಕೊಳ್ಳುತ್ತವೆ. ಪ್ರತಿ ಟೈಟ್ರೇಶನ್ ಆದ ಮೇಲೆ ನೀರಿಂದ ತೊಳೆದು, ಮೆತ್ತನೆ ಟಿಶ್ಯೂವನ್ನು ನೀರು ಮತ್ತು ಸ್ವಲ್ಪ ಮೆಥನಾಲ್‌ನಲ್ಲಿ ಒದ್ದೆ ಮಾಡಿ ಹಗುರವಾಗಿ ಒರೆಸಿ. ಉಜ್ಜಬೇಡಿ. ಅಸಿಟೋನ್, ಟಿಎಚ್‌ಎಫ್ (ಟೆಟ್ರಾಹೈಡ್ರೊಫ್ಯೂರಾನ್) ಥರದ ದ್ರಾವಕ ಹತ್ತಿರಕ್ಕೂ ತರಬೇಡಿ, ಪೊರೆಯನ್ನು ಮೆದುವಾಗಿಟ್ಟಿರುವ ಪ್ಲಾಸ್ಟಿಸೈಸರ್ ಎದ್ದು ಹೋಗುತ್ತದೆ, ಪಿವಿಸಿಯೂ ಕರಗುತ್ತದೆ, ಆಮೇಲೆ ಎಲೆಕ್ಟ್ರೋಡ್ ಮುಗಿಯಿತು.

ಸ್ಯಾಂಪಲ್‌ಗೆ ಶೇ. 5ರಿಂದ 10 ಮೆಥನಾಲ್ ಸೇರಿಸಿದರೆ ಕಣಗಳು ಅಷ್ಟು ಮೆತ್ತಿಕೊಳ್ಳುವುದಿಲ್ಲ, ವಕ್ರರೇಖೆಯೂ ನಯವಾಗುತ್ತದೆ. ಜಾಸ್ತಿ ಹಾಕಿದರೆ ಜೋಡಿ ಉಪ್ಪು ಕರಗಲು ಶುರುವಾಗಿ ಜಿಗಿತ ಕಡಿಮೆಯಾಗುತ್ತದೆ, ಪೊರೆಯ ಆಯಸ್ಸೂ ಕಮ್ಮಿ.

ಸ್ಟಿರರ್ ವೇಗ ನೋಡಿಕೊಳ್ಳಿ. ಮೇಲೆ ನೊರೆ ಎದ್ದರೆ ಸರ್ಫ್ಯಾಕ್ಟಂಟ್ ನೊರೆಯೊಳಗೆ ಸಿಕ್ಕಿಹಾಕಿಕೊಂಡು ದ್ರಾವಣದಿಂದ ಹೊರಗೆ ಉಳಿಯುತ್ತದೆ. ಸುಳಿ ಏಳದಷ್ಟು, ಆದರೆ ಹನಿ ಬಿದ್ದ ತಕ್ಷಣ ಬೆರೆಯುವಷ್ಟು ತಿರುಗಿದರೆ ಸಾಕು. 500 ಮಿಲಿ ಫ್ಲಾಸ್ಕ್ ತುಂಬಿಸುವಾಗಲೂ ಕುಲುಕಬೇಡಿ, ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸಿ, ನೊರೆ ಇಳಿದ ಮೇಲೆ ಗೆರೆಗೆ ತನ್ನಿ. ನೊರೆಯ ಮೇಲೆ ಗೆರೆ ಹೊಂದಿಸಿದರೆ ಅಲ್ಲೇ ತಪ್ಪು ಶುರು.

ಪೊರೆ ತಕ್ಷಣ ಸ್ಪಂದಿಸುವುದಿಲ್ಲ, ಅದರಲ್ಲೂ ಎಂಡ್ ಪಾಯಿಂಟ್ ಹತ್ತಿರ. ಆಟೋ ಟೈಟ್ರೇಟರ್‌ನಲ್ಲಿ ಪ್ರತಿ ಹನಿಯ ನಂತರ ರೀಡಿಂಗ್ ನಿಲ್ಲುವ ತನಕ ಕಾಯುವ ಸೆಟ್ಟಿಂಗ್ ಇಡಿ. ಅವಸರ ಮಾಡಿದರೆ ಎಂಡ್ ಪಾಯಿಂಟ್ ಮುಂದಕ್ಕೆ ಹೋದಂತೆ ಕಾಣುತ್ತದೆ. ದಿನದ ಮೊದಲ ಟೈಟ್ರೇಶನ್ ಫಲಿತಾಂಶ ಬಿಟ್ಟುಬಿಡಿ, ಅದು ಪೊರೆಯನ್ನು ಹದಕ್ಕೆ ತರುವುದಕ್ಕೆ ಮಾತ್ರ.

---

ವಿಶ್ಲೇಷಕಿ

ನಾನ್‌ಅಯಾನಿಕ್ ಬಗ್ಗೆ. ಇಓ ಸರಪಳಿ ಇರುವ ನಾನ್‌ಅಯಾನಿಕ್ ಪೊರೆಯ ಮೇಲೆ ಅಂಟಿಕೊಂಡು ಕೂರುತ್ತದೆ, ಮಿಸೆಲ್ ಮಾಡಿ ಆನಯಾನಿಕ್ ಅನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಸಿಎಂಸಿ ಕೂಡ ತೀರಾ ಕಡಿಮೆ, ಟ್ರೈಟನ್ ಎಕ್ಸ್-100 ಅನ್ನುವ ನಾನ್‌ಅಯಾನಿಕ್‌ಗೆ 0.2 ಮಿಲಿಮೋಲಾರ್ ಆಸುಪಾಸು. ಇನ್ನಷ್ಟು ನೀರು ಸೇರಿಸಿ ತೆಳು ಮಾಡಿ, ಬ್ಯೂರೆಟ್ ಸರ್ ಹೇಳಿದ ಮೆಥನಾಲ್ ಹಾಕಿ, ಜಿಗಿತ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಅದನ್ನೇ ಅಳೆಯಬೇಕಾದರೆ ಬೇರಿಯಂ ದಾರಿ ಇದೆ. ಚಾರ್ಜ್ ಇಲ್ಲದ ಅಣುವನ್ನು ಈ ಎಲೆಕ್ಟ್ರೋಡ್ ಕಾಣುವುದಿಲ್ಲ. ಆದರೆ ಬೇರಿಯಂ ಕ್ಲೋರೈಡ್ ಹಾಕಿದಾಗ ಇಓ ಸರಪಳಿಯ ಆಕ್ಸಿಜನ್‌ಗಳು ಬೇರಿಯಂ ಅಯಾನ್ ಅನ್ನು ಸುತ್ತಿಕೊಂಡು ಹಿಡಿಯುತ್ತವೆ, ಇಡೀ ಅಣುವಿಗೆ ಪ್ಲಸ್ ಚಾರ್ಜ್ ಬಂದಂತಾಗುತ್ತದೆ. ಆಗ ಸೋಡಿಯಂ ಟೆಟ್ರಾಫೀನೈಲ್ ಬೋರೇಟ್‌ನಿಂದ ಟೈಟ್ರೇಟ್ ಮಾಡಬಹುದು. ಎಷ್ಟು ಇಓಗೆ ಒಂದು ಬೇರಿಯಂ ಅನ್ನುವುದು ಖಚಿತ ಲೆಕ್ಕ ಅಲ್ಲ, ಅದಕ್ಕೆ ನಿಮ್ಮ ಪ್ರಾಡಕ್ಟಿನಲ್ಲಿರುವ ಅದೇ ನಾನ್‌ಅಯಾನಿಕ್ ತಂದು ಫ್ಯಾಕ್ಟರ್ ಮಾಡಿಕೊಳ್ಳಬೇಕು. ಸರಪಳಿ ತುಂಬ ಚಿಕ್ಕದಿದ್ದರೆ ಬೇರಿಯಂ ಹಿಡಿಯಲು ಆಗುವುದಿಲ್ಲ. ಸ್ಯಾಂಪಲ್‌ನಲ್ಲಿ ಬೆನ್ಜಾಲ್ಕೋನಿಯಂ ಥರದ ಕ್ಯಾಟಯಾನಿಕ್ ಇದ್ದರೆ ಅದೂ ಬೋರೇಟ್ ತಿನ್ನುತ್ತದೆ, ಕಳೆಯಬೇಕು.

ಇದರಲ್ಲಿ ಒಂದು ಗುಟ್ಟಿನ ತೊಂದರೆ ಇದೆ, ಬಹಳ ಜನರಿಗೆ ಗೊತ್ತಾಗುವುದೇ ಇಲ್ಲ. ಹೋಲಿಕೆಗೆ ಜೊತೆಯಲ್ಲಿ ಅದ್ದುವ ರೆಫರೆನ್ಸ್ ಎಲೆಕ್ಟ್ರೋಡ್ ಒಳಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ ಅಲ್ವಾ, ಪೊಟ್ಯಾಸಿಯಂ ಮತ್ತು ಟೆಟ್ರಾಫೀನೈಲ್ ಬೋರೇಟ್ ಸೇರಿದರೆ ತಕ್ಷಣ ಬಿಳಿ ಗಟ್ಟಿ ಕೆಳಗಿಳಿಯುತ್ತದೆ. ಅದು ರೆಫರೆನ್ಸ್‌ನ ಡಯಾಫ್ರಾಮ್‌ನಲ್ಲೇ ಕೂತು ದಾರಿ ಮುಚ್ಚುತ್ತದೆ, ರೀಡಿಂಗ್ ಕುಣಿಯಲು ಶುರು. ಎಲ್ಲರೂ ಪೊರೆಯನ್ನು ಬೈಯುತ್ತಾರೆ, ತಪ್ಪು ಪಕ್ಕದ ಎಲೆಕ್ಟ್ರೋಡ್‌ನದ್ದು. ಎರಡು ಕೋಣೆಯ ರೆಫರೆನ್ಸ್ ತೆಗೆದುಕೊಂಡು ಹೊರಗಿನ ಕೋಣೆಗೆ ಸೋಡಿಯಂ ಕ್ಲೋರೈಡ್ ತುಂಬಿಸಿ. ಪೊಟ್ಯಾಸಿಯಂ ಡೋಡೆಸೈಲ್ ಸಲ್ಫೇಟ್ ಕೂಡ ತಣ್ಣನೆ ನೀರಲ್ಲಿ ಅಷ್ಟಾಗಿ ಕರಗದ ಉಪ್ಪು, ಹಾಗಾಗಿ ನಿಮ್ಮ ಆನಯಾನಿಕ್ ಟೈಟ್ರೇಶನ್‌ಗೂ ಇದೇ ಏರ್ಪಾಡು ಒಳ್ಳೆಯದು.

---

ಪೊರೆಗಾರ

ತಡವಾಗಿ ಬಂದೆ. ನಾನು ಇಂಥ ಸೆನ್ಸರ್‌ಗಳನ್ನು ಲ್ಯಾಬ್‌ನಲ್ಲಿ ಮಾಡುವ ಕಡೆ ಇದ್ದೇನೆ, ಆ ಮಗ್ಗುಲಿನಿಂದ ಸ್ವಲ್ಪ.

ಪೊರೆ ಮಾಡುವುದು ನೋಡಲು ಸರಳ. ತೂಕದಲ್ಲಿ ಮೂರನೇ ಒಂದು ಭಾಗ ಪಿವಿಸಿ, ಮೂರನೇ ಎರಡು ಭಾಗ ಪ್ಲಾಸ್ಟಿಸೈಸರ್, ಜೋಡಿ ಉಪ್ಪು ಶೇ. 1ರ ಹತ್ತಿರ, ಎಲ್ಲವನ್ನೂ ಟಿಎಚ್‌ಎಫ್‌ನಲ್ಲಿ ಕರಗಿಸಿ ಗಾಜಿನ ಉಂಗುರದೊಳಗೆ ಸುರಿದು, ಮೇಲೆ ಫಿಲ್ಟರ್ ಪೇಪರ್ ಮುಚ್ಚಿ, ಟಿಎಚ್‌ಎಫ್ ನಿಧಾನವಾಗಿ ಆರಲು ಬಿಡುವುದು. ಮಾರನೇ ದಿನ ಮೆತ್ತನೆ, ಪಾರದರ್ಶಕ ಹಾಳೆ ಏಳುತ್ತದೆ. ಪ್ಲಾಸ್ಟಿಸೈಸರ್ ಯಾವುದು ಅನ್ನುವುದರ ಮೇಲೆ ಬಹಳ ನಿಂತಿದೆ. ಆರ್ಥೋ ನೈಟ್ರೋಫೀನೈಲ್ ಆಕ್ಟೈಲ್ ಈಥರ್ ಹಾಕಿದ್ದಕ್ಕೂ ಡೈಆಕ್ಟೈಲ್ ಥ್ಯಾಲೇಟ್ ಹಾಕಿದ್ದಕ್ಕೂ ಸ್ಲೋಪ್, ಆಯಸ್ಸು ಎರಡೂ ಬೇರೆ.

ಒಳಗೆ ದ್ರಾವಣ ತುಂಬುವ ಹಳೆಯ ಮಾದರಿಯಿಂದ ಬಿಡಿಸಿಕೊಳ್ಳಲು 1971ರಲ್ಲೇ ಕ್ಯಾಟ್ರಲ್ ಮತ್ತು ಫ್ರೈಸರ್ ಒಂದು ದಾರಿ ತೋರಿಸಿದರು, ತಂತಿಯ ಮೇಲೇ ಪೊರೆ ಲೇಪಿಸುವುದು. ಅವರು ಮಾಡಿದ್ದು ಕ್ಯಾಲ್ಸಿಯಂಗೆ, ಆಮೇಲೆ ಸರ್ಫ್ಯಾಕ್ಟಂಟಿಗೂ ಬಂತು. ಅಗ್ಗ, ಚಿಕ್ಕದು, ಆದರೆ ರೀಡಿಂಗ್ ಸರಿಯುವುದು ಜಾಸ್ತಿ. ಲೋಹ ಮತ್ತು ಪೊರೆಯ ನಡುವೆ ಅಯಾನ್ ಭಾಷೆಯನ್ನು ಎಲೆಕ್ಟ್ರಾನ್ ಭಾಷೆಗೆ ತಿರುಗಿಸುವವರು ಯಾರೂ ಇಲ್ಲ. ಸಾಲದ್ದಕ್ಕೆ ನೀರು ಪೊರೆ ದಾಟಿ ಹೋಗಿ ಹಿಂದೆ ತೆಳ್ಳಗೆ ನಿಲ್ಲುತ್ತದೆ. ಈಗ ನಡುವೆ ಪೆಡಾಟ್‌ನಂಥ ವಾಹಕ ಪಾಲಿಮರ್ ಅಥವಾ ಕಾರ್ಬನ್ ನ್ಯಾನೊಟ್ಯೂಬ್ ಪದರ ಹಾಕುತ್ತಾರೆ. ನ್ಯಾನೊಟ್ಯೂಬ್‌ಗೆ ನೀರು ಹಿಡಿಸದು, ಹಾಗಾಗಿ ಆ ನೀರಿನ ಪದರ ನಿಲ್ಲುವುದಿಲ್ಲ, ಸರಿಯುವುದೂ ಕಡಿಮೆ. ಕ್ರೊಯೇಷಿಯಾದ ಒಸಿಯೆಕ್ ವಿಶ್ವವಿದ್ಯಾಲಯದ ತಂಡ ಇದೇ ದಾರಿಯಲ್ಲಿ, ಇಮಿಡಜೋಲಿಯಂ ಟೆಟ್ರಾಫೀನೈಲ್ ಬೋರೇಟ್ ಜೋಡಿಗಳನ್ನು ಇಟ್ಟುಕೊಂಡು, ಡಿಟರ್ಜೆಂಟ್ ಸ್ಯಾಂಪಲ್‌ಗಳ ಮೇಲೇ ಒಳ್ಳೆಯ ಕೆಲಸ ಮಾಡಿದೆ. ಪೇಪರ್‌ಗಳು ಓದಲು ಸಿಗುತ್ತವೆ, ಓದಿ.

ನೇರ ಅದ್ದುವಿಕೆ ಪೂರ್ತಿ ನಿಷ್ಪ್ರಯೋಜಕ ಅನ್ನುವುದನ್ನು ಮಾತ್ರ ನಾನು ಸ್ವಲ್ಪ ತಿದ್ದುತ್ತೇನೆ. ಪ್ರಾಡಕ್ಟ್‌ನ ಶೇಕಡಾ ಹೇಳಲು ಅದು ಬೇಡ, ಬ್ಯೂರೆಟ್ ಹೇಳಿದ್ದು ಸರಿ. ಆದರೆ ಟ್ಯಾಂಕ್ ತೊಳೆದ ಕೊನೆಯ ನೀರಲ್ಲಿ ಸರ್ಫ್ಯಾಕ್ಟಂಟ್ ಉಳಿದಿದೆಯಾ ಅಂತ ನೋಡಬೇಕಾದರೆ ಇದಕ್ಕಿಂತ ಬೇಗ ಹೇಳುವುದು ಕಷ್ಟ. ಒಳ್ಳೆಯ ಪೊರೆ ಮೈಕ್ರೋಮೋಲಾರ್ ಹತ್ತಿರದ ತನಕ ಇಳಿಯುತ್ತದೆ, ಅಲ್ಲಿ ಶೇ. 20 ತಪ್ಪು ಲೆಕ್ಕಕ್ಕಿಲ್ಲ. ಇದೆಯೋ ಇಲ್ಲವೋ, ಹತ್ತು ಪಟ್ಟು ಇಳಿಯಿತೋ ಇಲ್ಲವೋ ಅನ್ನುವುದು ಸಾಕು. ಸಿಎಂಸಿ ಕಂಡುಹಿಡಿಯಲೂ ಇದೇ ಎಲೆಕ್ಟ್ರೋಡ್ ಸಾಕು, ಗೆರೆ ಎಲ್ಲಿ ಮುರಿಯುತ್ತದೆ ನೋಡಿದರಾಯಿತು.

---

ನೊರೆಲ್ಯಾಬ್

ತೊಳೆದ ನೀರಿನ ಉಪಯೋಗ ನಮಗೆ ಹೊಳೆದೇ ಇರಲಿಲ್ಲ, ಅದನ್ನು ಖಂಡಿತ ಮಾಡುತ್ತೇವೆ. ಪೊಟ್ಯಾಸಿಯಂ ಕ್ಲೋರೈಡ್ ವಿಷಯವೂ ನೋಡಿದೆ, ನಮ್ಮ ರೆಫರೆನ್ಸ್ ಒಂದೇ ಕೋಣೆಯದು, ಬದಲಾಯಿಸಲು ಹೇಳಿದ್ದೇನೆ. ಕೊನೆಯದಾಗಿ, ಎಲೆಕ್ಟ್ರೋಡ್ ಬದಲಿಸುವ ಹೊತ್ತು ಬಂತು ಅಂತ ಹೇಗೆ ತಿಳಿಯುವುದು?

---

ಬ್ಯೂರೆಟ್

ಎಸ್‌ಡಿಎಸ್ ಸ್ಟ್ಯಾಂಡರ್ಡ್ ಟೈಟ್ರೇಶನ್ ಹೇಗೂ ಮಾಡುತ್ತೀರಿ, ಅದರ ಜಿಗಿತದ ಎತ್ತರವನ್ನು ಪ್ರತಿ ಸಲ ರಿಜಿಸ್ಟರ್‌ನಲ್ಲಿ ಬರೆದಿಡಿ. ಹೊಸ ಎಲೆಕ್ಟ್ರೋಡ್‌ಗೆ ನೂರು ಮಿಲಿವೋಲ್ಟ್‌ಗಿಂತ ಜಾಸ್ತಿ ಬಂದಿರುತ್ತದೆ. ಅದು ಇಳಿಯುತ್ತಾ ಬಂದು, ಒರೆಸಿ ಹದ ಮಾಡಿದರೂ ಏರದೆ, ಒಂದೇ ಸ್ಟ್ಯಾಂಡರ್ಡ್‌ನ ಎಂಡ್ ಪಾಯಿಂಟ್ ಹಿಂದೆಮುಂದೆ ಆಗತೊಡಗಿದರೆ ಪೊರೆಯ ಪ್ಲಾಸ್ಟಿಸೈಸರ್ ಸೋರಿಹೋಗಿದೆ ಅಂತಲೇ ತಿಳಿಯಿರಿ. ಬದಲಿಸಿ. ಸ್ಯಾಂಪಲ್‌ನಲ್ಲಿ ಜಿಗಿತ ಮಂಕಾಗಿ ಎಸ್‌ಡಿಎಸ್‌ನಲ್ಲಿ ಚೆನ್ನಾಗಿದ್ದರೆ ಎಲೆಕ್ಟ್ರೋಡ್ ಮುಟ್ಟಬೇಡಿ, ಸ್ಯಾಂಪಲ್‌ನಲ್ಲಿ ಏನಿದೆ ಅಂತ ಹುಡುಕಿ. ದಿನದ ಕೆಲಸ ಮುಗಿದ ಮೇಲೆ ಒರೆಸಿ ಒಣಗಿಸಿ ಇಡಿ, ಪಿಎಚ್ ಎಲೆಕ್ಟ್ರೋಡ್ ಥರ ನೀರಲ್ಲಿ ಮುಳುಗಿಸಿ ಇಡಬೇಡಿ. ರೆಫರೆನ್ಸ್ ಮಾತ್ರ ಅದರದೇ ದ್ರಾವಣದಲ್ಲಿರಲಿ.